ಅಲ್ಯೂಮಿನಿಯಂಗೆ ವೆಲ್ಡಿಂಗ್ ರಾಡ್ ಹಿಡಿಯುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅಲ್ಯೂಮಿನಿಯಂದೇ. ಫೆಬ್ರವರಿ ಬಂತು ಅಂದರೆ ಹೀಗೇ. ಸಕಲೇಶಪುರದ ನನ್ನ ಶೆಡ್ ಮುಂದೆ ಕೂಡ ಈಗ ಗೇಟು, ಗ್ರಿಲ್ಲು ಕಾಣಲ್ಲ. ಬರೀ ಸ್ಪ್ರಿಂಕ್ಲರ್ ಪೈಪು, ಬೆಂಡು, ಏಣಿ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಒಂದೇ ವಿಷಯಕ್ಕೆ ಕೂತಿದ್ದೇನೆ.

ಪ್ರಶ್ನೆ: ಅಣ್ಣಾ, ನಮ್ಮದು ಮೂಡಿಗೆರೆ ಹತ್ತಿರ ಐದು ಎಕರೆ ರೋಬಸ್ಟಾ ಕಾಫಿ. ಹೂ ನೀರು (ಕಾಫಿ ಹೂ ಅರಳಲು ಹಾಯಿಸುವ ನೀರು) ಕೊಡೋಣ ಅಂತ ಲೈನ್ ಎಳೆಯುವಾಗ, ಪಂಪಿನ ಬಾಯಿಗೆ ಕೂರುವ ಅಲ್ಯೂಮಿನಿಯಂ ಬೆಂಡ್ ಜೀಪಿನಿಂದ ಬಿದ್ದು ನಾಲ್ಕು ಇಂಚು ಬಿರುಕು ಬಿಟ್ಟಿತು. ಆರ್ಗಾನ್ ವೆಲ್ಡಿಂಗ್ ಮಾಡಿಸಲು ಹಾಸನಕ್ಕೆ ಹೋಗಬೇಕು, ಅಲ್ಲಿ ನಾಲ್ಕು ದಿನ ಕಾಯಬೇಕು. ಅಂಗಡಿಯವರು ಮಾಮೂಲಿ ಮೆಷಿನ್‌ಗೇ ಹಾಕುವ ಅಲ್ಯೂಮಿನಿಯಂ ರಾಡ್ ಇದೆ ಅಂತ ಆರು ಕೊಟ್ಟರು. ನನ್ನ ಹತ್ತಿರ 200 ಆಂಪ್ಸ್ ಇನ್ವರ್ಟರ್ ಮೆಷಿನ್ ಇದೆ. ಗೇಟು ಗ್ರಿಲ್ಲು ಮಾಡಿ ಕೈ ಪಳಗಿದೆ. ಆದರೆ ಇದು ಪಟಪಟ ಸಿಡಿಯಿತು. ಬಿಳಿ ಹೊಗೆ ಎದ್ದಿತು. ಲೋಹ ಉಂಡೆ ಉಂಡೆಯಾಗಿ ಕೂತಿತು. ಮೂರನೇ ರಾಡಿಗೆ ತೂತೇ ಬಿತ್ತು. ಇನ್ನು ಮೂರು ರಾಡ್ ಇವೆ. ರಾಡ್ ಡೂಪ್ಲಿಕೇಟಾ, ಇಲ್ಲ ನನ್ನದೇ ತಪ್ಪಾ?

ಉತ್ತರ: ರಾಡ್ ಸರಿಯಾಗೇ ಇದೆ ಅನಿಸುತ್ತೆ. ಗೇಟು ಗ್ರಿಲ್ಲಿನಲ್ಲಿ ಪಳಗಿದ ಕೈಯೇ ಇಲ್ಲಿ ಅಡ್ಡ ಬಂದಿದೆ.

ಮೊದಲು ನಾನೇ ಒಂದು ಕೇಳುತ್ತೇನೆ. ರಾಡ್ ಕಚ್ಚಿ ಹಿಡಿಯುವ ಹೋಲ್ಡರ್‌ನ ಕೇಬಲ್ಲನ್ನು ಮೆಷಿನ್‌ನ ಯಾವ ತೂತಿಗೆ ಚುಚ್ಚಿದ್ದಿರಿ? ಕಬ್ಬಿಣಕ್ಕೆ ಹಾಕುವ 6013 ರಾಡ್ ಪ್ಲಸ್ಸಿಗೂ ಓಡುತ್ತೆ, ಮೈನಸ್ಸಿಗೂ ಓಡುತ್ತೆ. ಹಾಗಾಗಿ ಎಷ್ಟೋ ಜನ ಹೋಲ್ಡರನ್ನು ಮೈನಸ್ಸಿಗೆ ಹಾಕಿ ಮರೆತೇಬಿಟ್ಟಿರುತ್ತಾರೆ. ಅಲ್ಯೂಮಿನಿಯಂ ರಾಡಿಗೆ ಹೋಲ್ಡರ್ ಪ್ಲಸ್ಸಿಗೇ ಇರಬೇಕು, ಅರ್ತ್ ಮೈನಸ್ಸಿಗೆ. ಹಳೇ ಎಣ್ಣೆ ಟ್ರಾನ್ಸ್‌ಫಾರ್ಮರ್ ಸೆಟ್‌ನಲ್ಲಿ ಇದು ನಡೆಯುವುದೇ ಇಲ್ಲ. ಅದು ಎಸಿ. ಇದಕ್ಕೆ ಡಿಸಿ ಬೇಕು.

ಯಾಕೆ ಅಂದರೆ ಅಲ್ಯೂಮಿನಿಯಂ ಮೈಮೇಲೆ ಯಾವಾಗಲೂ ಒಂದು ಪೊರೆ ಇರುತ್ತೆ. ಗಾಳಿ ತಾಗಿದ ಕೂಡಲೇ ಕಟ್ಟುವ ಪೊರೆ. ಒಳಗಿನ ಲೋಹ 660 ಡಿಗ್ರಿಗೆ ನೀರಾದರೆ ಈ ಪೊರೆ ಕರಗಲು 2000 ಡಿಗ್ರಿಗೂ ಜಾಸ್ತಿ ಬೇಕು. ಒಳಗೆ ಎಲ್ಲಾ ನೀರಾಗಿರುತ್ತೆ, ಮೇಲೆ ಪೊರೆ ಪ್ಲಾಸ್ಟಿಕ್ ಕವರಿನ ಹಾಗೆ ಅದನ್ನು ಹಿಡಿದುಕೊಂಡಿರುತ್ತೆ. ನೋಡುವವರಿಗೆ ಇನ್ನೂ ಕರಗಿಲ್ಲ ಅನಿಸುತ್ತೆ. ಇನ್ನೊಂಚೂರು ಅಂತ ನಿಲ್ಲಿಸುತ್ತೀರಿ. ಕವರ್ ಒಡೆದು ಪುಸಕ್ ಅಂತ ಕೆಳಗೆ ಬೀಳುತ್ತೆ. ನಿಮ್ಮ ತೂತು ಅದೇ. ರಾಡ್ ಪ್ಲಸ್ಸಿನಲ್ಲಿದ್ದರೆ ಆರ್ಕ್ ಆ ಪೊರೆಯನ್ನು ಕಿತ್ತೆಸೆಯುತ್ತೆ. ರಾಡಿನ ಮೇಲಿನ ಬಿಳಿ ಲೇಪ ಉಳಿದದ್ದನ್ನು ಕರಗಿಸುತ್ತೆ.

ಇನ್ನು ಪಟಪಟ ಸಿಡಿದದ್ದು. ಅದು ತೇವ. ಈ ರಾಡಿನ ಲೇಪದಲ್ಲಿ ಇರುವುದು ಕ್ಲೋರೈಡ್, ಫ್ಲೋರೈಡ್ ಉಪ್ಪುಗಳು. ಮಳೆಗಾಲದಲ್ಲಿ ಅಡುಗೆ ಮನೆಯ ಉಪ್ಪಿನ ಭರಣಿ ಏನಾಗುತ್ತೆ ಗೊತ್ತಲ್ಲ, ಹಾಗೇ. ಅಂಗಡಿಯವರು ಡಬ್ಬ ಒಡೆದು ಆರು ರಾಡ್ ಬಿಡಿಯಾಗಿ ಕೊಟ್ಟಿದ್ದಾರೆ ಅಂದರೆ, ಆ ಡಬ್ಬ ಎಷ್ಟು ದಿನದಿಂದ ತೆರೆದಿತ್ತೋ ಏನೋ. ಲೇಪ ಉದುರುತ್ತಿದ್ದರೆ, ಉಗುರು ತಾಗಿದರೆ ಮೆತ್ತಗಾಗಿದ್ದರೆ ಎಸೆಯಿರಿ. ಗಟ್ಟಿ ಇದ್ದರೆ 150ರಿಂದ 200 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ, ಬಿಸಿ ಇರುವಾಗಲೇ ಹಾಕಿ. ಡಬ್ಬದ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದನ್ನೇ ಪಾಲಿಸಿ. ಮನೆಯ ಕೇಕ್ ಓವನ್‌ನಲ್ಲಿ ಮಾತ್ರ ಬೇಡ. ಅದು ತಿನ್ನುವ ಸಾಮಾನಿನ ಜಾಗ. ನಾನು ಒಣಗಿಸಿದ ಮೇಲೆ ರಾಡ್‌ಗಳನ್ನು ಕೆಟ್ಟುಹೋದ ಫ್ರಿಜ್‌ನಲ್ಲಿ ಇಡುತ್ತೇನೆ. ಒಳಗೆ ಒಂದು 60 ವ್ಯಾಟ್ ಬಲ್ಬ್ ಹಗಲು ರಾತ್ರಿ ಉರಿಯುತ್ತೆ. ತಂತಿ ಇರುವ ಹಳೇ ಬಲ್ಬೇ ಆಗಬೇಕು, ಎಲ್‌ಇಡಿಗೆ ಆ ಬಿಸಿ ಬರಲ್ಲ. ಈಗ ಆ ಬಲ್ಬ್ ಹುಡುಕುವುದೇ ಒಂದು ಕೆಲಸ ಆಗಿದೆ.

ಈಗ ನಿಮ್ಮ ಬೆಂಡ್. ಇದು ಎರಕದ್ದು, ಗೋಡೆ ದಪ್ಪ ಐದಾರು ಮಿಲಿಮೀಟರ್ ಇರುತ್ತೆ. ಹಾಗಾಗಿ ಆಸೆ ಬಿಡಬೇಡಿ. ಮೂರು ಮಿಲಿಮೀಟರ್‌ಗಿಂತ ತೆಳು ಇದ್ದಿದ್ದರೆ ಈ ಪತ್ರಕ್ಕೆ ಒಂದೇ ಸಾಲಿನ ಉತ್ತರ ಬರೆದು ಮುಗಿಸುತ್ತಿದ್ದೆ.

ಹಾಕಿರುವ ಉಂಡೆಗಳನ್ನೆಲ್ಲ ತೆಗೆಯಿರಿ. ಅದರ ಮೇಲೇ ಇನ್ನೊಂದು ಕೋಟ್ ಎಳೆಯುವ ಆಸೆ ಬೇಡ, ಒಳಗೆ ಜೇನುಗೂಡಿನ ಹಾಗೆ ತೂತಿರುತ್ತೆ. ಗ್ರೈಂಡರ್ ಕಲ್ಲು ಅಲ್ಯೂಮಿನಿಯಂಗೆ ಒಳ್ಳೆಯದಲ್ಲ, ಲೋಹ ಕಲ್ಲಿಗೆ ಮೆತ್ತಿಕೊಳ್ಳುತ್ತೆ, ಕಲ್ಲಿನ ಪುಡಿ ಲೋಹಕ್ಕೆ ಹೊಕ್ಕುತ್ತೆ. ಅರ ಹಿಡಿದು ಉಜ್ಜಿ. ಬಿರುಕಿನ ಎರಡೂ ತುದಿಗೆ ಮೂರು ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ಒಂದೊಂದು ತೂತು ಕೊರೆಯಿರಿ. ಇಲ್ಲದಿದ್ದರೆ ಬಿಸಿ ತಾಗಿದಾಗ ಬಿರುಕು ಮುಂದಕ್ಕೆ ಓಡುತ್ತೆ. ಆಮೇಲೆ ಬಿರುಕಿನ ಉದ್ದಕ್ಕೂ ವಿ ಆಕಾರದಲ್ಲಿ ಕಾಲುವೆ ಮಾಡಿ.

ಗ್ರೀಸು, ಎಣ್ಣೆ ಇದ್ದರೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆಯಬೇಡಿ. ಕೆಲವದರಲ್ಲಿ ಕ್ಲೋರಿನ್ ಇರುವ ದ್ರಾವಣ ಇರುತ್ತೆ, ಆರ್ಕ್ ತಾಗಿದರೆ ಫಾಸ್ಜೀನ್ ಅನ್ನುವ ವಿಷಗಾಳಿ ಆಗುತ್ತೆ. ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್‌ನಲ್ಲಿ ಹೊಳೆಯುವ ತನಕ ಉಜ್ಜಿ. ಹೊಸ ಬ್ರಷ್ ತನ್ನಿ. ಕಬ್ಬಿಣಕ್ಕೆ ಉಜ್ಜಿದ ಬ್ರಷ್ ಬೇಡ.

ಆಮೇಲೆ ಬಿಸಿ ಮಾಡಬೇಕು. ಗ್ರಿಲ್ಲಿನವರು ಬಿಡುವುದು ಇದನ್ನೇ. ಅಲ್ಯೂಮಿನಿಯಂ ಬಿಸಿಯನ್ನು ಕಬ್ಬಿಣಕ್ಕಿಂತ ನಾಲ್ಕೈದು ಪಟ್ಟು ಬೇಗ ಸಾಗಿಸಿಬಿಡುತ್ತೆ. ತಣ್ಣಗಿನ ಬೆಂಡಿಗೆ ಆರ್ಕ್ ಹಚ್ಚಿದರೆ ಮೊದಲ ಒಂದಿಂಚು ಮೇಲೆ ಕೂತು ಉಂಡೆಯಾಗುತ್ತೆ, ಹಿಡಿಯಲ್ಲ. ಗ್ಯಾಸ್ ಟಾರ್ಚಿನಲ್ಲಿ ಬೆಂಡ್ ಪೂರ್ತಿ ಸಮವಾಗಿ ಕಾಯಿಸಿ. ಎಷ್ಟು? ದೋಸೆ ಕಾವಲಿ ನೋಡುವ ಹಾಗೆ ನೋಡಿ. ಬಿರುಕಿನಿಂದ ದೂರ ಒಂದು ಕಡೆ ನೀರು ಚಿಮುಕಿಸಿ. ಚುಂಯ್ ಅಂತ ಅಲ್ಲೇ ಆರಿದರೆ ಸಾಲದು. ಹನಿ ಮಣಿಯಾಗಿ ಉರುಳಿ ಓಡಬೇಕು. ಆಗ ಹೆಚ್ಚುಕಮ್ಮಿ 200 ಡಿಗ್ರಿ. ಅಲ್ಲಿಗೆ ಟಾರ್ಚ್ ಸಾಕು. ಕಬ್ಬಿಣದ ಹಾಗೆ ಇದು ಕೆಂಪಗಾಗುತ್ತೆ ಅಂತ ಕಾಯಬೇಡಿ. ಬಣ್ಣವೇ ಬದಲಾಗಲ್ಲ, ಸುಮ್ನೆ ಕರಗಿ ಕೂರುತ್ತೆ. ಹಾಗೇ ತಣ್ಣಗಿದೆ ಅಂತ ಎತ್ತಲೂ ಬೇಡಿ. ನನ್ನ ಎಡಗೈಯಲ್ಲಿ ಅಂಥ ಒಂದು ಗುರುತು ಇವತ್ತಿಗೂ ಇದೆ.

ರಾಡ್ 10 ಗೇಜ್ (ಸುಮಾರು ಮೂರು ಮಿಲಿಮೀಟರ್ ದಪ್ಪ) ಆದರೆ ನಾನು 100 ಆಂಪ್ಸ್ ಆಸುಪಾಸು ಇಡುತ್ತೇನೆ. ರಾಡನ್ನು ಹೆಚ್ಚುಕಮ್ಮಿ ನೆಟ್ಟಗೆ ಹಿಡಿಯಿರಿ. ಆರ್ಕ್ ಗಿಡ್ಡ ಇರಲಿ, ಲೇಪ ಕೆಲಸಕ್ಕೆ ಇನ್ನೇನು ತಾಗುತ್ತೆ ಅನ್ನುವಷ್ಟು ಹತ್ತಿರ. ಬೆಂಕಿಕಡ್ಡಿ ಗೀರಿದ ಹಾಗೆ ಗೀರಿ, ಹತ್ತಿದ ಕೂಡಲೇ ಹೊರಡಿ. ಆಚೆ ಈಚೆ ತೂಗಬೇಡಿ. ಕಬ್ಬಿಣದ ರಾಡಿಗೆ ಎಷ್ಟು ವೇಗ ಹೋಗುತ್ತೀರೋ ಅದರ ಎರಡು ಮೂರು ಪಟ್ಟು. ಒಂದು ರಾಡ್ ಅರ್ಧ ನಿಮಿಷ ಕೂಡ ಬರಲ್ಲ. ಮೊದಲ ಸಲ ಹಾಕುವವರಿಗೆ ಹೊಗೆಯಲ್ಲಿ ಕಣ್ಣು ಹೊಂದುವಷ್ಟರಲ್ಲಿ ರಾಡೇ ಮುಗಿದಿರುತ್ತೆ. ಅದಕ್ಕೇ ನಿಮ್ಮ ಮೂರರಲ್ಲಿ ಒಂದನ್ನು ದಪ್ಪ ಅಲ್ಯೂಮಿನಿಯಂ ತುಂಡಿನ ಮೇಲೆ ಅಭ್ಯಾಸಕ್ಕೆ ಸುಟ್ಟುಬಿಡಿ. ದುಡ್ಡು ಹೋಯಿತು ಅಂತ ಬೇಜಾರು ಬೇಡ.

ನಡುವೆ ನಿಲ್ಲಿಸಿದರೆ ಮತ್ತೆ ಹತ್ತಲ್ಲ. ರಾಡ್ ತುದಿಗೆ ಗಾಜಿನಂಥ ಟೋಪಿ ಕೂತಿರುತ್ತೆ. ಪಕ್ಕಡಿನಲ್ಲಿ ಅದನ್ನು ಮುರಿಯಿರಿ. ನಿಲ್ಲಿಸಿದ ಜಾಗದ ಸ್ಲ್ಯಾಗನ್ನೂ (ಲೇಪ ಕರಗಿ ಗೆರೆಯ ಮೇಲೆ ಕಟ್ಟುವ ಚಕ್ಕೆ) ಲೋಹ ಕಾಣುವ ತನಕ ಕೆರೆದು, ಅರ್ಧ ಇಂಚು ಹಿಂದಿನಿಂದ ಶುರು ಮಾಡಿ. ನಾಲ್ಕು ಇಂಚಿಗೆ ಒಂದೇ ಗೆರೆಯಲ್ಲಿ ಮುಗಿಸುವುದು ಎಲ್ಲಕ್ಕಿಂತ ಒಳ್ಳೆಯದು.

ತೂತು ಬಿದ್ದ ಜಾಗ ತುಂಬಿಸಲು ಹೋಗಬೇಡಿ, ದೊಡ್ಡದಾಗುತ್ತೆ. ನಾಲ್ಕು ಮಿಲಿಮೀಟರ್ ಅಲ್ಯೂಮಿನಿಯಂ ಪ್ಲೇಟ್ ತುಂಡನ್ನು ಬೆಂಡಿನ ಬಳುಕಿಗೆ ತಟ್ಟಿ ಕೂರಿಸಿ, ಸುತ್ತ ಅಂಚಿಗೆ ವೆಲ್ಡ್ ಹಾಕಿ. ಪಂಚರ್ ತೇಪೆ ತರಹ. ಇದಕ್ಕೆ ಇನ್ನೂ ಎರಡು ರಾಡ್ ಜಾಸ್ತಿ ಬೇಕಾಗುತ್ತೆ.

ಕೊನೆಯದು ತೊಳೆಯುವುದು. ಇಲ್ಲಿ ನನ್ನದೇ ಕಥೆ ಹೇಳಬೇಕು. ಇಪ್ಪತ್ತು ವರ್ಷದ ಹಿಂದೆ ಒಂದು ಎಸ್ಟೇಟಿಗೆ ಇಂಥದೇ ಬೆಂಡ್ ಹಾಕಿಕೊಟ್ಟಿದ್ದೆ. ಗೆರೆ ಚಂದ ಬಂದಿತ್ತು. ಸ್ಲ್ಯಾಗ್ ಸುತ್ತಿಗೆಯಲ್ಲಿ ತಟ್ಟಿ ಉದುರಿಸಿ ಕೊಟ್ಟೆ. ನೀರು ಹಾಕಿದರು, ಒಂದು ಹನಿ ಸೋರಲಿಲ್ಲ. ಸಾಹೇಬರು ಕಾಫಿ ಕೊಟ್ಟು ಕಳಿಸಿದರು. ಮುಂದಿನ ವರ್ಷ ಅದೇ ಬೆಂಡ್ ವಾಪಸ್ ಬಂತು. ಗೆರೆಯ ಎರಡೂ ಪಕ್ಕ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಪುಡಿ ಕೆರೆದರೆ ಕೆಳಗೆ ಸೂಜಿ ಚುಚ್ಚಿದಂಥ ತೂತುಗಳು, ಬೆಳಕಿಗೆ ಹಿಡಿದರೆ ನಕ್ಷತ್ರದ ಹಾಗೆ ಕಾಣುತ್ತಿತ್ತು. ಸಂದಿಯಲ್ಲಿ ಉಳಿದ ಸ್ಲ್ಯಾಗ್ ಮುಂಗಾರಿನ ತೇವ ಕುಡಿದು ವರ್ಷವಿಡೀ ಲೋಹವನ್ನು ತಿಂದಿತ್ತು. ಆ ಸಲ ಕಾಫಿ ಕೊಡಲಿಲ್ಲ. ನಾನೂ ಕೂಲಿ ಕೇಳಲಿಲ್ಲ.

ಅದಕ್ಕೇ ಕುದಿ ನೀರು ಹಾಕಿ, ಬ್ರಷ್ ಹಿಡಿದು ಹೊರಗೂ ಒಳಗೂ ಉಜ್ಜಿ. ಬೆಂಡಿನ ಒಳಗೆ ಬಾಟಲ್ ತೊಳೆಯುವ ಬ್ರಷ್ ಹೋಗುತ್ತೆ. ನೀರು ಬದಲಿಸಿ ಇನ್ನೊಂದು ಸಲ ಉಜ್ಜಿ. ಪಂಪಿನ ನೀರೇ ತೊಳೆಯುತ್ತೆ ಬಿಡು ಅಂದುಕೊಳ್ಳಬೇಡಿ, ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಲ್ಯೂಮಿನಿಯಂ ಪೂರ್ತಿ ಆರಿದ ಮೇಲೆ ತೊಳೆಯಿರಿ. ಬಿಸಿ ಎರಕಕ್ಕೆ ನೀರು ಬಿದ್ದರೆ ಬಿರುಕು ಬಿಡುವ ಭಯ.

ಕೂರಿಸಿದ ಮೇಲೆ ಗೇಟ್ ವಾಲ್ವ್ ಸ್ವಲ್ಪವೇ ತೆರೆದು ಪಂಪ್ ಶುರು ಮಾಡಿ. ಮೊದಲ ಹತ್ತು ನಿಮಿಷ ಬೆಂಡಿನ ಪಕ್ಕ ಯಾರೂ ನಿಲ್ಲಬೇಡಿ. ಹೂ ನೀರು, ಆಮೇಲೆ ಹದಿನೈದು ಇಪ್ಪತ್ತು ದಿನಕ್ಕೆ ಬ್ಯಾಕಿಂಗ್ ನೀರು, ಅಂದರೆ ಎರಡನೇ ಸಲದ ನೀರು. ಅಲ್ಲಿ ತನಕ ಇದು ಬರುತ್ತೆ. ಬ್ಯಾಕಿಂಗ್ ಮುಗಿದ ಮೇಲೆ ಬಿಚ್ಚಿ ಹಾಸನಕ್ಕೆ ಕಳಿಸಿ, ಇಲ್ಲ ಹೊಸ ಬೆಂಡ್ ತನ್ನಿ. ಆರ್ಗಾನ್‌ನವರು ನಿಮ್ಮ ಗೆರೆ ನೋಡಿ ಮುಖ ಸಿಂಡರಿಸುತ್ತಾರೆ. ಅವರು ಅದನ್ನೆಲ್ಲ ಕೆರೆದು ತೆಗೆದ ಮೇಲೇ ಶುರು ಮಾಡಬೇಕು, ಅದಕ್ಕೆ ಎಕ್ಸ್‌ಟ್ರಾ ಕೂಲಿ ಕೇಳಿದರೆ ನ್ಯಾಯವೇ.

ಒಂದು ಮಾತು ಬಿಟ್ಟೆ. ಈ ಹೊಗೆ ಗಂಟಲು ಹಿಡಿಯುತ್ತೆ. ಬಯಲಿನಲ್ಲಿ ಹಾಕಿ, ಗಾಳಿ ಪಕ್ಕದಿಂದ ಬೀಸಿ ಹೊಗೆಯನ್ನು ಮುಖದಿಂದ ಆಚೆ ಒಯ್ಯುವ ಹಾಗೆ ನಿಲ್ಲಿ.

ಪ್ರಶ್ನೆ: ಬೆಂಡ್ ಅಲ್ಲ ಸರ್, ಪೈಪೇ ಸೀಳಿದೆ. ಸ್ಪ್ರಿಂಕ್ಲರ್‌ನ ಮೂರಿಂಚು ಅಲ್ಯೂಮಿನಿಯಂ ಪೈಪು. ರಾಡ್ ಹಾಕಲಾ? (ಆಲೂರಿನಿಂದ)

ಉತ್ತರ: ಬೇಡ. ನಾನು ಅಳತೆ ಮಾಡಿದ ಆ ಪೈಪುಗಳೆಲ್ಲ ಒಂದೂವರೆ ಮಿಲಿಮೀಟರ್ ದಪ್ಪದ ಆಸುಪಾಸು. ಆರ್ಕ್ ತಾಗಿದರೆ ಹಪ್ಪಳ. ಸೀಳಿದ ಜಾಗ ಕತ್ತರಿಸಿ ಕಪ್ಲರ್ ಹಾಕಿ. ನಾಳೆಯೇ ನೀರು ಹಾಯಿಸಬೇಕು ಅಂದರೆ ಹಳೇ ಬೈಕ್ ಟ್ಯೂಬ್ ಸುತ್ತಿ ಮೇಲೆ ಎರಡು ಕ್ಲಾಂಪ್ ಬಿಗಿಯಿರಿ. ನೋಡಲು ಚಂದ ಇರಲ್ಲ, ಆದರೆ ಹನಿ ನಿಲ್ಲುತ್ತೆ.

ಪ್ರಶ್ನೆ: ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯ ಉದ್ದದ ಕಂಬ ಮೆಟ್ಟಿಲು ಸೇರುವ ಕಡೆ ಬಿರುಕು ಬಿಟ್ಟಿದೆ. ಉಳಿದದ್ದೆಲ್ಲ ಗಟ್ಟಿ ಇದೆ. ಅಲ್ಯೂಮಿನಿಯಂ ರಾಡ್‌ನಲ್ಲಿ ಎರಡು ಟಾಕಿ ಹಾಕಿಸಿದರೆ ಈ ವರ್ಷ ನೂಕಬಹುದಾ? (ಕೊಡಗಿನ ಸಿದ್ದಾಪುರದಿಂದ)

ಉತ್ತರ: ಹಾಕಿಸಬೇಡಿ. ರಾಡ್‌ನಲ್ಲೂ ಬೇಡ, ಆರ್ಗಾನ್‌ನಲ್ಲೂ ಬೇಡ. ನನ್ನ ಶೆಡ್ಡಿಗೆ ತಂದರೂ ವಾಪಸ್ ಕಳಿಸುತ್ತೇನೆ. ಬೈದುಕೊಂಡು ಹೋದವರಿದ್ದಾರೆ, ಹೋಗಲಿ.

ಏಣಿಗೆ ಬಳಸುವ ಅಲ್ಯೂಮಿನಿಯಂ ಕಾರ್ಖಾನೆಯಲ್ಲೇ ಬಿಸಿ ಕೊಟ್ಟು ಹದ ಮಾಡಿದ್ದು. ಆ ಹದದಿಂದಲೇ ಅದಕ್ಕೆ ಬಲ. ವೆಲ್ಡ್ ಹಾಕಿದರೆ ಗೆರೆಯ ಅಕ್ಕಪಕ್ಕ ಒಂದಿಂಚು ಆ ಹದ ಇಳಿದುಹೋಗುತ್ತೆ. ಎಷ್ಟೋ ಸಲ ಬಲ ಅರ್ಧಕ್ಕೆ ಹತ್ತಿರ ಬಂದಿರುತ್ತೆ. ಕಣ್ಣಿಗೆ ಏನೂ ಕಾಣಲ್ಲ. ವೆಲ್ಡ್ ಗಟ್ಟಿಯಾಗೇ ಇರುತ್ತೆ, ಪಕ್ಕದಲ್ಲಿ ಮುರಿಯುತ್ತೆ. ಸಿಲ್ವರ್ ಓಕ್ ಮರದ ಮೇಲೆ ಮೂವತ್ತು ಅಡಿ ಎತ್ತರದಲ್ಲಿ, ಸೊಂಟಕ್ಕೆ ಮೆಣಸಿನ ಚೀಲ ಕಟ್ಟಿಕೊಂಡವನ ಕಾಲ ಕೆಳಗೆ ಮುರಿಯುತ್ತೆ.

ಆ ಏಣಿಯನ್ನು ಮೂಲೆಯಲ್ಲೂ ಇಡಬೇಡಿ. ಮುಂದಿನ ವರ್ಷ ಯಾರೋ ಹೊಸ ಆಳು ತೆಗೆದುಕೊಂಡು ಹೋಗುತ್ತಾನೆ. ಬಿರುಕಿನಲ್ಲೇ ಕತ್ತರಿಸಿ ಗುಜರಿಗೆ ಹಾಕಿ. ಹೊಸದು ತರುವಾಗ ತೋಟದ ಮೇಲೆ ಕರೆಂಟ್ ಲೈನ್ ಎಲ್ಲೆಲ್ಲಿ ಹೋಗಿದೆ ಅಂತ ಒಂದು ಸಲ ತಲೆ ಎತ್ತಿ ನೋಡಿಕೊಂಡು ಬನ್ನಿ. ಕೊಡಗು, ಹಾಸನ, ಚಿಕ್ಕಮಗಳೂರು ಕಡೆ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜನ ಸತ್ತ ಸುದ್ದಿ ಮೆಣಸಿನ ಕಾಲದಲ್ಲಿ ಎಷ್ಟು ಸಲ ಓದಿದ್ದೇವೆ. ಲೈನ್ ಹತ್ತಿರದ ಮರಗಳಿಗೆ ಬಿದಿರಿನದೋ ಫೈಬರ್‌ದೋ ಏಣಿ ಇರಲಿ, ಅದೂ ಒಣಗಿದ್ದು.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಐಟಿಐ ವೆಲ್ಡರ್ ಟ್ರೇಡ್ ಓದುತ್ತಿದ್ದೇನೆ. ವಿಡಿಯೋಗಳಲ್ಲಿ ಚಿಕ್ಕ ಗ್ಯಾಸ್ ಟಾರ್ಚ್ ಹಿಡಿದು, ಕೂಲ್‌ಡ್ರಿಂಕ್ ಕ್ಯಾನಿಗೆ ಅಲ್ಯೂಮಿನಿಯಂ ರಾಡ್ ಉಜ್ಜಿ ತೂತು ಮುಚ್ಚುತ್ತಾರೆ. ಅದೂ ಹೋಲ್ಡರಿಗೆ ಹಾಕುವ ರಾಡೂ ಒಂದೇನಾ ಸರ್? 4043, 4047 ಅಂದರೆ ಏನು?

ಉತ್ತರ: ಒಂದೇ ಅಲ್ಲಪ್ಪ. ವಿಡಿಯೋದಲ್ಲಿ ತೋರಿಸುವುದು ಹೆಚ್ಚಾಗಿ ಸತು ಜಾಸ್ತಿ ಇರುವ ಬೆಸುಗೆ ಕಡ್ಡಿ. 400 ಡಿಗ್ರಿ ಆಸುಪಾಸಿಗೇ ಕರಗುತ್ತೆ. ಕೆಳಗಿನ ಅಲ್ಯೂಮಿನಿಯಂ ಕರಗುವುದೇ ಇಲ್ಲ. ಕಡ್ಡಿಯನ್ನೋ ಸ್ಟೀಲ್ ಬ್ರಷ್ಷನ್ನೋ ಹಿಡಿದು ಕೆರೆಯುತ್ತಾರಲ್ಲ, ಅದು ಪೊರೆ ಒಡೆಯಲು. ಪಾತ್ರೆಗೆ ಬೆಸುಗೆ ಹಾಕಿದ ಲೆಕ್ಕ. ರೇಡಿಯೇಟರ್ ತೂತು, ಎಸಿ ಪೈಪಿನಂಥ ತೆಳು ಕೆಲಸಕ್ಕೆ ಕೈ ಪಳಗಿದವರು ಬಳಸುತ್ತಾರೆ. ಬಿಸಿಯಾಗುವ, ಭಾರ ಹೊರುವ ಜಾಗಕ್ಕೆ ಬೇಡ. ಆ ಕಡ್ಡಿಯನ್ನು ಹೋಲ್ಡರಿಗೆ ಹಾಕಿ ಆರ್ಕ್ ಹಚ್ಚಬೇಡ, ಮೈಮೇಲೆ ಲೇಪವೇ ಇಲ್ಲ. ವಿಡಿಯೋದಲ್ಲಿ ಹತ್ತು ಸಲ ಕೆಟ್ಟದ್ದನ್ನು ಕತ್ತರಿಸಿ ಹನ್ನೊಂದನೆಯದು ತೋರಿಸುತ್ತಾರೆ ಅನ್ನುವುದೂ ನೆನಪಿರಲಿ.

ನಂಬರ್ ವಿಷಯ. ಅದು ರಾಡಿನ ಲೋಹದ ಮಿಶ್ರಣದ ನಂಬರು. 4043ರಲ್ಲಿ ನೂರಕ್ಕೆ ಸುಮಾರು 5 ಭಾಗ ಸಿಲಿಕಾನ್, 4047ರಲ್ಲಿ ಸುಮಾರು 12. ಸಿಲಿಕಾನ್ ಜಾಸ್ತಿ ಆದ ಹಾಗೆ ಕಮ್ಮಿ ಬಿಸಿಗೆ ಕರಗುತ್ತೆ, ಚೆನ್ನಾಗಿ ಹರಿಯುತ್ತೆ, ಆರುವಾಗ ಬಿರುಕು ಬಿಡುವುದೂ ಕಮ್ಮಿ. ಎರಕದ ಸಾಮಾನುಗಳಲ್ಲೂ ಸಿಲಿಕಾನ್ ಇರುವುದರಿಂದ ಇವೆರಡೂ ಅದಕ್ಕೆ ಹೊಂದುತ್ತವೆ. 7075 ಅಂತ ಬರೆದ ತುಂಡು ಸಿಕ್ಕರೆ ಅದರ ಮೇಲೆ ಮಾತ್ರ ಪ್ರಾಕ್ಟೀಸ್ ಮಾಡಬೇಡ. ಅದು ಎಷ್ಟು ಗಟ್ಟಿ ಇದ್ದರೂ ಆರ್ಕ್ ತಾಗಿದರೆ ಬಿರುಕು ಬಿಡುವ ಜಾತಿ. ತಪ್ಪು ನಿನ್ನದು ಅಂದುಕೊಂಡು ಸುಮ್ನೆ ಕೊರಗುತ್ತೀಯ.

ಪ್ರಶ್ನೆ: ಕುಕ್ಕರಿನ ತಳದಲ್ಲಿ ಸೂಜಿ ಮೊನೆಯಷ್ಟು ತೂತು. ನಮ್ಮೆಜಮಾನರು ಮನೆಯಲ್ಲೇ ರಾಡ್ ಹಾಕುತ್ತೇನೆ ಅಂತ ಕೂತಿದ್ದಾರೆ. ಹಾಕಬಹುದಾ? (ತುಮಕೂರಿನಿಂದ)

ಉತ್ತರ: ಅಮ್ಮಾ, ಅವರ ಕೈಯಿಂದ ಮೊದಲು ಕುಕ್ಕರ್ ಕಿತ್ತುಕೊಳ್ಳಿ. ಒತ್ತಡದ ಪಾತ್ರೆ ಅದು. ಒಳಗೆ ಫ್ಲೋರೈಡ್ ಸ್ಲ್ಯಾಗ್ ಉಳಿದರೆ ಅನ್ನಕ್ಕೆ ಸೇರುತ್ತೆ. ಕುಕ್ಕರ್ ಎಕ್ಸ್‌ಚೇಂಜಿಗೆ ಕೊಡಿ. ಎಜಮಾನರಿಗೆ ಹಿಡಿ ಸಡಿಲಾದ ಬಾಣಲೆ ಕೊಡಿ, ರಿವಿಟ್ ಹೊಡೆದುಕೊಂಡಿರಲಿ.

ಪ್ರಶ್ನೆ: ಹಳೇ ಬೈಕಿನ ಕಾರ್ಬುರೇಟರ್ ಕಿವಿ ಮುರಿದಿತ್ತು. ಅಲ್ಯೂಮಿನಿಯಂ ರಾಡ್ ತಾಗಿಸಿದ ಕ್ಷಣ ಬಿಳಿ ಹೊಗೆಯಾಗಿ ಅರ್ಧ ಕಾರ್ಬುರೇಟರೇ ಮಾಯ. ಏನಾಯಿತು? (ಶಿವಮೊಗ್ಗದಿಂದ)

ಉತ್ತರ: ಅದು ಅಲ್ಯೂಮಿನಿಯಂ ಆಗಿರಲಿಲ್ಲ. ಹಳೇ ಕಾರ್ಬುರೇಟರ್‌ಗಳಲ್ಲಿ ಎಷ್ಟೋ ಸತುವಿನ ಎರಕ. ನೋಡಲು ಒಂದೇ ತರಹ, ಆದರೆ ತೂಕ ಅಲ್ಯೂಮಿನಿಯಂನ ಎರಡೂವರೆ ಪಟ್ಟು. ಇನ್ನು ಮುಂದೆ ಏನೇ ಬೂದಿ ಬಣ್ಣದ ಸಾಮಾನು ಬಂದರೂ ಮೊದಲು ಕೈಯಲ್ಲಿ ತೂಗಿ ನೋಡಿ. ಗಾತ್ರಕ್ಕಿಂತ ಭಾರ ಅನಿಸಿದರೆ ಹೋಲ್ಡರ್ ಕೆಳಗಿಡಿ. ಆ ಬಿಳಿ ಹೊಗೆ ಸತುವಿನದು, ಸಂಜೆಗೆ ಚಳಿ ಜ್ವರ ಬರಿಸುತ್ತೆ. ಹಾಗೇನಾದರೂ ಬಂದಿದ್ದರೆ, ಎದೆ ಬಿಗಿದಿದ್ದರೆ, ಡಾಕ್ಟರ್‌ಗೆ ವೆಲ್ಡಿಂಗ್ ಮಾಡಿದ್ದು ಅಂತ ಹೇಳಲು ಮರೆಯಬೇಡಿ. ಕಾರ್ಬುರೇಟರ್ ಗುಜರಿ ಅಂಗಡಿಯಲ್ಲಿ ಸಿಗುತ್ತೆ, ಮುರಿದದ್ದರ ಮಿಕ್ಕ ಅರ್ಧ ಸ್ಯಾಂಪಲ್‌ಗೆ ತಗೊಂಡು ಹೋಗಿ.